ಗ್ರೀನ್ ಟೀ ಕುಡಿದರೆ ಬಿ.ಪಿ. ಗುಳಿಗೆ ಬಿಡಬಹುದೇ? ಹೃದಯಾಘಾತ, ಲಕ್ವ ಮತ್ತು ನಮ್ಮ ಭಾಗದ ನೀರಿನ ಬಗ್ಗೆ ಒಂದು ಚರ್ಚೆ

ಗಂಗಾವತಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎದ್ದಿರುವ ಒಂದು ವಾದವನ್ನು ತಿಳಿದವರ ಮುಂದಿಟ್ಟು ಸರಿಯಾದ ಉತ್ತರ ಪಡೆಯಬೇಕೆಂದು ಇದನ್ನು ಬರೆಯುತ್ತಿದ್ದೇನೆ. ನಮ್ಮ ಮಾವನವರು ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡು ನಿವೃತ್ತರಾದವರು. ವಯಸ್ಸು ಅರವತ್ತೈದು ದಾಟಿದೆ, ಬಿ.ಪಿ. ಇದೆ, ಹಲವು ವರ್ಷಗಳಿಂದ ತಪ್ಪದೆ ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಇತ್ತೀಚೆಗೆ ಅವರ ಮೊಬೈಲಿಗೆ ಒಂದು ಸಂದೇಶ ಬಂತು. ಜಪಾನಿನಲ್ಲಿ ತೊಂಬತ್ತು ಸಾವಿರ ಜನರ ಮೇಲೆ ನಡೆದ ಸಂಶೋಧನೆಯ ಪ್ರಕಾರ, ದಿನಕ್ಕೆ ಐದು ಕಪ್ ಗ್ರೀನ್ ಟೀ ಕುಡಿಯುವವರು ಸಾವಿನ ಐದು ಮುಖ್ಯ ಕಾರಣಗಳಿಂದ ಪಾರಾಗುತ್ತಾರೆ ಎಂದು ಅದರಲ್ಲಿತ್ತು. ಕೆಳಗೆ ಮಾರಾಟದ ಡಬ್ಬಿಯೊಂದರ ಚಿತ್ರವೂ ಇತ್ತು. ಅಂದಿನಿಂದ ಅವರು ಗ್ರೀನ್ ಟೀ ತರಿಸಿಕೊಂಡು ಕುಡಿಯುತ್ತಿದ್ದಾರೆ, ಗುಳಿಗೆಯನ್ನು ಮಾತ್ರ ಒಂದು ದಿನ ನುಂಗಿದರೆ ಎರಡು ದಿನ ಬಿಡುತ್ತಿದ್ದಾರೆ. ಕೇಳಿದರೆ, "ಜನ್ಮಪೂರ್ತಿ ಗುಳಿಗಿ ನುಂಗೂದಕ್ಕಿಂತ ಎಲಿ ನೀರು ಕುಡಿಯೂದು ಚಲೋ ಅಲ್ಲೇನವಾ?" ಎನ್ನುತ್ತಾರೆ.

ನನ್ನ ಯಜಮಾನರು ಆ ಸಂದೇಶವೇ ಸುಳ್ಳು ಎನ್ನುತ್ತಾರೆ. ಮೈದುನ, ಜಪಾನಿನವರು ನೂರು ವರ್ಷ ಬದುಕುವುದೇ ಇದರಿಂದ ಎನ್ನುತ್ತಾನೆ. ಅಂಥ ಸಂಶೋಧನೆ ನಿಜವಾಗಿ ನಡೆದಿದೆಯೇ, ನಡೆದಿದ್ದರೆ ಅದರಲ್ಲಿ ಏನು ಕಂಡುಬಂತು, ಜೋಳದ ರೊಟ್ಟಿ ತಿಂದು ಬೋರ್‌ವೆಲ್ ನೀರು ಕುಡಿಯುವ ನಮಗೆ ಅದು ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ. ಮಾವನವರು ವರ್ಷದಲ್ಲಿ ಕೆಲವು ತಿಂಗಳು ಯಲಬುರ್ಗಾ ತಾಲ್ಲೂಕಿನ ತಮ್ಮ ಊರಿನಲ್ಲಿಯೇ ಇರುತ್ತಾರೆ ಎಂಬುದನ್ನೂ ತಿಳಿಸಿರುತ್ತೇನೆ.

ಬಳ್ಳಾರಿಯ ನಿವೃತ್ತ ಉಪನ್ಯಾಸಕ (ಸಂಖ್ಯಾಶಾಸ್ತ್ರ)

ತಂಗೀ, ಆ ಸಂದೇಶ ಪೂರ್ತಿ ಕಟ್ಟುಕತೆಯೇನಲ್ಲ. ಜಪಾನಿನ ಹಲವು ಪ್ರದೇಶಗಳಲ್ಲಿ 40ರಿಂದ 69 ವರ್ಷದೊಳಗಿನ ಸುಮಾರು 90 ಸಾವಿರ ಜನರನ್ನು ದೀರ್ಘಕಾಲ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದೆ. ಅಲ್ಲಿನ ಸಾವುಗಳ ಐದು ಪ್ರಮುಖ ಕಾರಣಗಳಾದ ಕ್ಯಾನ್ಸರ್, ಹೃದ್ರೋಗ, ಮಿದುಳಿನ ರಕ್ತನಾಳದ ಕಾಯಿಲೆ (ಅಂದರೆ ಲಕ್ವ), ಶ್ವಾಸಕೋಶದ ಕಾಯಿಲೆ ಮತ್ತು ಅಪಘಾತ ಮುಂತಾದ ಗಾಯಗಳನ್ನು ಸಂಶೋಧಕರು ಬೇರೆಬೇರೆಯಾಗಿ ಪರಿಶೀಲಿಸಿದ್ದರು. ಸಂದೇಶ ಬರೆದವರು "ಐದು ಕಾರಣಗಳನ್ನು ಪರಿಶೀಲಿಸಿದರು" ಎಂಬುದನ್ನು "ಐದರಿಂದಲೂ ಪಾರಾಗುತ್ತಾರೆ" ಎಂದು ತಿರುಚಿದ್ದಾರೆ. ದಿನಕ್ಕೆ ಐದು ಅಥವಾ ಹೆಚ್ಚು ಕಪ್ ಕುಡಿಯುವವರಲ್ಲಿ, ಒಂದು ಕಪ್ಪೂ ಕುಡಿಯದವರಿಗೆ ಹೋಲಿಸಿದರೆ, ಆ ಅವಧಿಯಲ್ಲಿ ಸಾಯುವ ಸಾಧ್ಯತೆ ಗಂಡಸರಲ್ಲಿ ಶೇ 13ರಷ್ಟು, ಹೆಂಗಸರಲ್ಲಿ ಶೇ 17ರಷ್ಟು ಕಡಿಮೆ ಇತ್ತು. ಹೃದ್ರೋಗದ ಸಾವು ಇಬ್ಬರಲ್ಲೂ ಕಡಿಮೆ. ಲಕ್ವ ಮತ್ತು ಶ್ವಾಸಕೋಶದ ಕಾಯಿಲೆಯ ಸಾವು ಮುಖ್ಯವಾಗಿ ಗಂಡಸರಲ್ಲಿ ಕಡಿಮೆ. ಕ್ಯಾನ್ಸರಿನ ಒಟ್ಟು ಸಾವಿಗೂ ಗ್ರೀನ್ ಟೀಗೂ ಸಂಬಂಧ ಕಾಣಲಿಲ್ಲ.

ಇದಕ್ಕಿಂತ ಮೊದಲು 2006ರಲ್ಲಿ ಪ್ರಕಟವಾದ ಒಸಾಕಿ ಅಧ್ಯಯನವೂ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು. ಅದು ಮಿಯಾಗಿ ಪ್ರಾಂತ್ಯದಲ್ಲಿ 1994ರಲ್ಲಿ ಆರಂಭವಾದದ್ದು. 40ರಿಂದ 79 ವರ್ಷದ 40,530 ಜನರನ್ನು 11 ವರ್ಷಗಳವರೆಗೆ ಗಮನಿಸಿತು. ಹೃದಯ ಹಾಗೂ ರಕ್ತನಾಳದ ಕಾಯಿಲೆಗಳಿಂದಾಗುವ ಸಾವು ಐದು ಕಪ್ಪಿನವರಲ್ಲಿ ಗಮನಾರ್ಹವಾಗಿ ಕಡಿಮೆ ಇತ್ತು, ಅದರಲ್ಲೂ ಹೆಂಗಸರಲ್ಲಿ ಶೇ 31ರಷ್ಟು. ಅಲ್ಲಿಯೂ ಕ್ಯಾನ್ಸರಿನ ವಿಷಯದಲ್ಲಿ ಏನೂ ಸಿಗಲಿಲ್ಲ. ಕ್ಯಾನ್ಸರ್ ತಡೆಯ ಬಗ್ಗೆ 142 ಅಧ್ಯಯನಗಳನ್ನು, ಅಂದರೆ 11 ಲಕ್ಷಕ್ಕೂ ಮೀರಿದ ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ ಕೂಡ, ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದೇ ಹೇಳಿದೆ. ಆದ್ದರಿಂದ ಕ್ಯಾನ್ಸರ್ ಹೆಸರು ಹೇಳಿ ಗ್ರೀನ್ ಟೀ ಮಾರುವವರ ಮಾತನ್ನು ಅಲ್ಲಿಗೇ ಬಿಟ್ಟುಬಿಡಿ.

ಇನ್ನು ಈ ಶೇಕಡಾವಾರು ಅಂಕಿಗಳನ್ನು ಓದುವ ಬಗೆ ತಿಳಿದಿರಬೇಕು. ನೂರು ಜನರಲ್ಲಿ ಹತ್ತು ಮಂದಿ ತೀರಿಕೊಳ್ಳುವ ಅವಧಿಯಲ್ಲಿ ಶೇ 15ರಷ್ಟು ಕಡಿಮೆ ಎಂದರೆ ಹತ್ತರ ಬದಲು ಎಂಟೂವರೆ ಎಂದರ್ಥ. ಅದು ಸಣ್ಣ ಮಾತಲ್ಲ, ಆದರೆ "ಪಾರಾಗುತ್ತಾರೆ" ಎಂಬ ಮಾತಿಗೂ ಅದಕ್ಕೂ ಬಹಳ ದೂರ. ಎರಡನೆಯದಾಗಿ, ಇವು ಜನರನ್ನು ಗಮನಿಸಿದ ಅಧ್ಯಯನಗಳು. ಅರ್ಧ ಜನರಿಗೆ ಚೀಟಿ ಎತ್ತಿ ಚಹಾ ಕೊಟ್ಟು, ಉಳಿದರ್ಧಕ್ಕೆ ಕೊಡದೆ ಮಾಡಿದ ಪ್ರಯೋಗಗಳಲ್ಲ. ದಿನಕ್ಕೆ ಐದು ಸಲ ಕೂತು ಚಹಾ ಕುಡಿಯುವವನ ಊಟ, ಬಿಡುವು, ಒಡನಾಟ ಎಲ್ಲವೂ ಬೇರೆಯಿರಬಹುದು. ಒಳಗೊಳಗೇ ಕಾಯಿಲೆ ಬಿದ್ದವನು ಚಹಾ ಸೇರದೆ ಬಿಟ್ಟಿರಬಹುದು. ಸಂಶೋಧಕರು ವಯಸ್ಸು, ಧೂಮಪಾನ, ತೂಕ ಇವುಗಳ ಪ್ರಭಾವವನ್ನು ಲೆಕ್ಕದಿಂದ ಕಳೆಯುತ್ತಾರಾದರೂ ಪೂರ್ತಿ ಕಳೆಯುವುದು ಯಾರಿಂದಲೂ ಆಗದ ಕೆಲಸ. ಚೀಟಿ ಎತ್ತಿ ಮಾಡಿದ ಪ್ರಯೋಗಗಳಲ್ಲಿ ಸಿಕ್ಕ ಲಾಭ ತೀರಾ ಚಿಕ್ಕದು. 2011ರಲ್ಲಿ 14 ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಕೆಟ್ಟ ಕೊಲೆಸ್ಟರಾಲ್ 100 ಮಿಲಿಲೀಟರ್ ರಕ್ತಕ್ಕೆ ಸರಾಸರಿ 2 ಮಿಲಿಗ್ರಾಂ ಆಸುಪಾಸು ಮಾತ್ರ ಇಳಿದಿತ್ತು. ಇನ್ನೊಂದು ಮಾತು: ಒಸಾಕಿ ಅಧ್ಯಯನದಲ್ಲಿ ಒಂದು ಕಪ್ ಎಂದರೆ 100 ಮಿಲಿಲೀಟರ್. ನಿಮ್ಮ ಮಾವನವರು ದೊಡ್ಡ ಸ್ಟೀಲ್ ಲೋಟದಲ್ಲಿ ಕುಡಿಯುವವರಾದರೆ ಅಲ್ಲಿನ ಐದು ಕಪ್ ನಮ್ಮ ಎರಡೂವರೆ ಲೋಟಕ್ಕೆ ಮುಗಿದುಹೋಗುತ್ತದೆ.

ರಾಯಚೂರು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ವೈದ್ಯೆ

ಉಪನ್ಯಾಸಕರು ಅಂಕಿಗಳನ್ನು ಬಹಳ ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ಟೀಚರ್ ಅವರೇ, ಮಾವನವರು ಗುಳಿಗೆ ಬಿಡುತ್ತಿರುವುದು ತುರ್ತಿನ ವಿಷಯವಾದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ. ಇಂದೇ ಅವರನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬಿ.ಪಿ. ನೋಡಿಸಿ. ಗುಳಿಗೆಯ ಚೀಟಿಯನ್ನೂ ಜೊತೆಯಲ್ಲಿ ಒಯ್ಯಿರಿ, ಏಕೆಂದರೆ ಅಟೆನೊಲಾಲ್‌ನಂಥ ಕೆಲವು ಗುಳಿಗೆಗಳನ್ನು ತಟ್ಟನೆ ನಿಲ್ಲಿಸಿದರೆ ಎದೆಬಡಿತ ಏರಿ, ಹೃದಯದ ತೊಂದರೆ ಇರುವವರಿಗೆ ಅಪಾಯವಾಗುತ್ತದೆ. ಒಂದು ದಿನ ನುಂಗಿ ಎರಡು ದಿನ ಬಿಡುವುದರಿಂದ ಬಿ.ಪಿ. ಏರಿಳಿಯುತ್ತದೆಯೇ ಹೊರತು ಹತೋಟಿಗೆ ಬರುವುದಿಲ್ಲ.

ಗುಳಿಗೆಯನ್ನೂ ಚಹಾವನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಬಿ.ಪಿ. ಇಳಿಸುವ ಔಷಧಗಳ ಬಗ್ಗೆ ನಡೆದ 123 ಪ್ರಯೋಗಗಳನ್ನು, ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಕ್ರೋಡೀಕರಿಸಿ 2016ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೇಲಿನ ಬಿ.ಪಿ. 10 ಅಂಕದಷ್ಟು ಇಳಿದರೆ ಲಕ್ವ ಹೊಡೆಯುವ ಸಾಧ್ಯತೆ ಶೇ 27ರಷ್ಟು, ಒಟ್ಟು ಸಾವು ಶೇ 13ರಷ್ಟು ಕಡಿಮೆಯಾಗುತ್ತದೆ ಎಂದು ಅದರಲ್ಲಿ ತಿಳಿದುಬಂತು. ಇದು ಉಪನ್ಯಾಸಕರು ಹೇಳಿದ ಚೀಟಿ ಎತ್ತುವ ಪ್ರಯೋಗಗಳಿಂದ ಬಂದ ಫಲಿತಾಂಶ, ಆದ್ದರಿಂದ ಅದರ ತೂಕ ಹೆಚ್ಚು. ಗ್ರೀನ್ ಟೀ ಇಳಿಸುವ ಬಿ.ಪಿ. ಸರಾಸರಿ 2 ಅಂಕದಷ್ಟು. ಮಾವನವರು 2 ಅಂಕ ಇಳಿಸುವುದನ್ನು ಹಿಡಿದುಕೊಂಡು 10 ಅಥವಾ ಅದಕ್ಕಿಂತ ಹೆಚ್ಚು ಇಳಿಸುವುದನ್ನು ಕೈಬಿಡುತ್ತಿದ್ದಾರೆ ಎಂದು ಅವರಿಗೆ ಲೆಕ್ಕದಲ್ಲಿಯೇ ತಿಳಿಸಿ. ಲೆಕ್ಕ ಬರೆದು ಬದುಕಿದವರು, ಒಪ್ಪಿಯಾರು.

ನಿಮ್ಮ ಮೈದುನನಿಗೆ ಜಪಾನಿನ ಇತಿಹಾಸವನ್ನು ಸ್ವಲ್ಪ ಹೇಳಬೇಕು. ಜಪಾನಿನಲ್ಲಿ 1951ರಿಂದ 1980ರವರೆಗೆ ಸಾವಿನ ಮೊದಲನೆಯ ಕಾರಣ ಲಕ್ವವೇ ಆಗಿತ್ತು; 1981ರಿಂದ ಆ ಸ್ಥಾನಕ್ಕೆ ಕ್ಯಾನ್ಸರ್ ಬಂತು. ಲಕ್ವ ಮೊದಲ ಸ್ಥಾನದಲ್ಲಿದ್ದ ಆ ಮೂವತ್ತು ವರ್ಷಗಳಲ್ಲೂ ಅಲ್ಲಿನ ಮನೆಮನೆಗಳಲ್ಲಿ ಗ್ರೀನ್ ಟೀ ಇದ್ದೇ ಇತ್ತು. ಚಹಾ ಇದ್ದೂ ಲಕ್ವ ಏಕೆ ಹೊಡೆಯುತ್ತಿತ್ತು ಎಂದರೆ, ಅವರ ಊಟದಲ್ಲಿ ಉಪ್ಪಿನಕಾಯಿ, ಉಪ್ಪು ಹಾಕಿದ ಮೀನು, ಮಿಸೊ ಸಾರು ಮುಂತಾದವುಗಳಿಂದ ಉಪ್ಪು ವಿಪರೀತವಾಗಿತ್ತು, ಬಿ.ಪಿ. ನೋಡುವ ವ್ಯವಸ್ಥೆ ಹಳ್ಳಿಗಳನ್ನು ತಲುಪಿರಲಿಲ್ಲ. ಊರೂರಿಗೆ ಹೋಗಿ ಬಿ.ಪಿ. ಅಳೆದು, ಔಷಧ ಕೊಟ್ಟು, ಉಪ್ಪು ಕಡಿಮೆ ಮಾಡಿಸಿದ ಮೇಲೆ ಲಕ್ವದ ಸಾವು ಇಳಿಯುತ್ತಾ ಬಂತು. ಜಪಾನಿನಿಂದ ನಾವು ಕಲಿಯಬೇಕಾದದ್ದು ಏನಾದರೂ ಇದ್ದರೆ ಮೊದಲು ಇದನ್ನು ಕಲಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ದೇಶದಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದಾಗುವ ಸಾವಿನ ಪಾಲು 1990ರಲ್ಲಿ ಶೇ 15ರಷ್ಟಿದ್ದದ್ದು 2016ರ ಹೊತ್ತಿಗೆ ಶೇ 28ಕ್ಕೆ ಏರಿತ್ತು. ನಮ್ಮ ಕಡೆಯ ತಾಟನ್ನೇ ನೋಡಿ: ರೊಟ್ಟಿ, ಪುಂಡಿಪಲ್ಯ, ಬೇಳೆ, ಮೊಸರು ಎಲ್ಲವೂ ಒಳ್ಳೆಯವೇ. ಅದರ ಪಕ್ಕಕ್ಕೆ ಬರುವ ಕೆಂಪು ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೆಳಗಿನ ಮಂಡಕ್ಕಿ ಒಗ್ಗರಣೆಯ ಜೊತೆಗಿನ ಮಿರ್ಚಿ ಭಜಿ ಇವುಗಳಲ್ಲಿ ಉಪ್ಪು ಸೇರುತ್ತಾ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಮಟ್ಟಸವಾಗಿ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು. ತಲೆನೋವಿಲ್ಲ, ತಲೆ ಸುತ್ತುವುದಿಲ್ಲ, ಹಾಗಾಗಿ ಬಿ.ಪಿ. ಇಳಿದಿದೆ ಎಂದು ತಾವೇ ತೀರ್ಮಾನಿಸಿ ಗುಳಿಗೆ ಬಿಟ್ಟು, ಕೈಕಾಲು ಬಿದ್ದ ಮೇಲೆ ಮನೆಯವರು ಎತ್ತಿಕೊಂಡು ಬಂದವರನ್ನು ನೋಡುವಾಗ ನನಗೆ ಬಹಳ ನೋವಾಗುತ್ತದೆ. ಬಿ.ಪಿ. ಏರಿದ್ದು ಮೈಗೆ ಗೊತ್ತಾಗುವುದಿಲ್ಲ. ಅಳೆದರೆ ಮಾತ್ರ ಗೊತ್ತಾಗುತ್ತದೆ.

ಗುಳಿಗೆಯ ಜೊತೆಗೆ ಎರಡು ಮೂರು ಕಪ್ ಗ್ರೀನ್ ಟೀ ಕುಡಿಯಲಿ, ನನ್ನ ಆಕ್ಷೇಪವಿಲ್ಲ. ಬಿ.ಪಿ. ತೀರಾ ಹೆಚ್ಚಿರುವವರು ದಿನಕ್ಕೆ ಎರಡು ಅಥವಾ ಹೆಚ್ಚು ಕಪ್ ಕಾಫಿ ಕುಡಿದರೆ ಹೃದ್ರೋಗ, ಲಕ್ವದ ಸಾವಿನ ಅಪಾಯ ಹೆಚ್ಚಿದ್ದು, ಗ್ರೀನ್ ಟೀ ಕುಡಿದವರಲ್ಲಿ ಹಾಗೆ ಹೆಚ್ಚದಿದ್ದದ್ದು 2022ರಲ್ಲಿ ಪ್ರಕಟವಾದ ಜಪಾನಿನದೇ ಮತ್ತೊಂದು ಅಧ್ಯಯನದಲ್ಲಿ ಕಂಡುಬಂದಿದೆ.

ಸಿರುಗುಪ್ಪದ ಔಷಧ ಅಂಗಡಿಯವರು

ಡಾಕ್ಟರ್ ಮೇಡಂ ಹೇಳಿದ್ದಕ್ಕೆ ಔಷಧಗಳ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ. ಗ್ರೀನ್ ಟೀ ನಿರಪಾಯ ಎಂದು ತಿಳಿದು ಎಲ್ಲ ಗುಳಿಗೆಗಳನ್ನೂ ಅದರ ಜೊತೆಗೇ ನುಂಗುವವರಿದ್ದಾರೆ. ನಾಡೊಲಾಲ್ ಎಂಬ ಬಿ.ಪಿ. ಔಷಧವನ್ನು ಗ್ರೀನ್ ಟೀ ಜೊತೆ ತೆಗೆದುಕೊಂಡಾಗ ರಕ್ತಕ್ಕೆ ಸೇರುವ ಔಷಧದ ಪ್ರಮಾಣ ಬಹಳಷ್ಟು ಕುಸಿಯುತ್ತದೆ ಎಂದು 2014ರಲ್ಲಿ ಪ್ರಕಟವಾದ ಜಪಾನಿನ ಸಣ್ಣ ಅಧ್ಯಯನವೊಂದು ತೋರಿಸಿತು. ನಮ್ಮಲ್ಲಿ ಆ ಔಷಧವನ್ನು ಬರೆಯುವುದು ಅಪರೂಪ, ಆದರೂ ಗುಳಿಗೆಯನ್ನು ನೀರಿನಲ್ಲಿಯೇ ನುಂಗುವುದು ಒಳ್ಳೆಯ ರೂಢಿ. ಹೃದಯದ ಕವಾಟ ಬದಲಾಯಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾದರಿಯ ಗುಳಿಗೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಗ್ರೀನ್ ಟೀಯನ್ನು ಹೆಚ್ಚಾಗಿ ಕುಡಿಯಲು ಆರಂಭಿಸಬಾರದು.

ರಕ್ತಹೀನತೆ ಇರುವವರಿಗೆ ಇನ್ನೊಂದು ಎಚ್ಚರಿಕೆ ಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಅಂಥವರು ಬಹಳ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಸಿರಾಗಲಿ ಕಪ್ಪಾಗಲಿ, ಚಹಾದಲ್ಲಿರುವ ಒಗರಿನ ಅಂಶ ಸೊಪ್ಪು, ಕಾಳು, ಜೋಳದಲ್ಲಿನ ಕಬ್ಬಿಣವನ್ನು ಮೈಗೆ ಹತ್ತದಂತೆ ತಡೆಯುತ್ತದೆ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗಿದರೆ ಆ ಗುಳಿಗೆ ಬಹುಪಾಲು ವ್ಯರ್ಥ. ಊಟಕ್ಕೂ ಚಹಾಕ್ಕೂ ನಡುವೆ ಕನಿಷ್ಠ ಒಂದು ಗಂಟೆ ಅಂತರವಿರಲಿ.

ಕೊನೆಯದಾಗಿ, "ಗ್ರೀನ್ ಟೀ ಸಾರ" ಎಂದು ಕ್ಯಾಪ್ಸೂಲ್ ರೂಪದಲ್ಲಿ ಮಾರುವುದನ್ನು ತೂಕ ಇಳಿಸುವ ಆಸೆಗೆ ಕೊಳ್ಳಬೇಡಿ. ಎಲೆಯಲ್ಲಿನ ಕ್ಯಾಟೆಚಿನ್ ಎಂಬ ಅಂಶವನ್ನು ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಪ್ರಮಾಣದಲ್ಲಿ ಕ್ಯಾಪ್ಸೂಲಿನ ಮೂಲಕ ಸೇವಿಸಿದರೆ ಯಕೃತ್ತಿಗೆ ಹಾನಿಯ ಲಕ್ಷಣ ಕಾಣಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ಬಿಸಿನೀರಿನಲ್ಲಿ ನೆನೆಸಿ ಕುಡಿಯುವ ಚಹಾದಿಂದ ಸಾಮಾನ್ಯವಾಗಿ ಆ ಭಯವಿಲ್ಲ. ನನ್ನ ಅಂಗಡಿಯಲ್ಲಿ ಕೇಳಿದವರಿಗೆಲ್ಲ ಇದನ್ನು ಹೇಳಿಯೇ ಕಳಿಸುತ್ತೇನೆ.

ಸಿಂಧನೂರಿನ ಗೃಹಿಣಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ನಮ್ಮಂಥ ಕೂಡುಕುಟುಂಬದಲ್ಲಿ ಎಲ್ಲರಿಗೂ ಐದೈದು ಕಪ್ ಗ್ರೀನ್ ಟೀ ಎಂದರೆ ತಿಂಗಳ ಸಂತೆಯ ಲೆಕ್ಕವೇ ತಪ್ಪುತ್ತದೆ. ಸಾದಾ ಚಹಾಪುಡಿಗಿಂತ ಅದು ಎಷ್ಟೋ ಪಟ್ಟು ದುಬಾರಿ. ನಾಟಿ ಮತ್ತು ಕೊಯ್ಲಿನ ಕಾಲದಲ್ಲಿ ಆಳುಗಳಿಗೂ ಸೇರಿಸಿ ದೊಡ್ಡ ಬೋಗುಣಿಯಲ್ಲಿ ಚಹಾ ಇಡುತ್ತೇವೆ. ಹಾಲು, ಸಕ್ಕರೆ ಹಾಕಿ ಚೆನ್ನಾಗಿ ಕುದಿಸಿದ ಚಹಾ ಅದು. ಅದರಿಂದ ಲಾಭವೇ ಇಲ್ಲವೇ, ಅಥವಾ ಹಾನಿಯೇ ಇದೆಯೇ ಎಂಬುದನ್ನು ತಿಳಿಯಬೇಕೆಂದಿದ್ದೇನೆ. ನಮ್ಮ ಅತ್ತೆಯವರಿಗೆ ಶುಗರ್ ಇದೆ, ಆದರೂ ಚಹಾ ಬಿಡುವುದಿಲ್ಲ.

ಬಳ್ಳಾರಿಯ ನಿವೃತ್ತ ಉಪನ್ಯಾಸಕ (ಸಂಖ್ಯಾಶಾಸ್ತ್ರ)

ಅಕ್ಕಾವರೇ, ಹಸಿರು ಚಹಾ, ಕಪ್ಪು ಚಹಾ ಎರಡೂ ಒಂದೇ ಗಿಡದ ಎಲೆ. ಕಿತ್ತ ಎಲೆಗೆ ಬೇಗನೆ ಹಬೆಯನ್ನೋ ಬಾಣಲೆಯ ಕಾವನ್ನೋ ತಾಗಿಸಿದರೆ ಹಸಿರಾಗಿಯೇ ಉಳಿಯುತ್ತದೆ. ಬಾಡಿಸಿ, ಹೊಸಕಿ, ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ, ಆಗ ಕ್ಯಾಟೆಚಿನ್‌ಗಳ ಬಹುಪಾಲು ಬೇರೆ ಅಂಶಗಳಾಗಿ ಮಾರ್ಪಡುತ್ತದೆ. ಬ್ರಿಟನ್ನಿನಲ್ಲಿ ಸುಮಾರು ಐದು ಲಕ್ಷ ಜನರ ಮಾಹಿತಿಯನ್ನು ಆಧರಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಹಾ ಕುಡಿಯುವವರ ಪೈಕಿ ಹೆಚ್ಚಿನವರು ಕಪ್ಪು ಚಹಾದವರೇ. ದಿನಕ್ಕೆ ಎರಡು ಅಥವಾ ಹೆಚ್ಚು ಕಪ್ ಕುಡಿಯುವವರಲ್ಲಿ ಸಾವಿನ ಸಾಧ್ಯತೆ ಶೇ 9ರಿಂದ 13ರಷ್ಟು ಕಡಿಮೆ ಇತ್ತು. ಹಾಲು, ಸಕ್ಕರೆ ಹಾಕಿದರೂ ಆ ಸಂಬಂಧ ಅಳಿಯಲಿಲ್ಲ. ಚೀನಾದಲ್ಲಿ ಒಂದು ಲಕ್ಷ ಜನರನ್ನು ಗಮನಿಸಿದ 2020ರ ಅಧ್ಯಯನದಲ್ಲಿ ಮಾತ್ರ ಲಾಭ ಸ್ಪಷ್ಟವಾಗಿ ಕಂಡದ್ದು ಹಸಿರು ಚಹಾದಲ್ಲಿ. ನನ್ನ ತೀರ್ಮಾನ ಏನೆಂದರೆ, ಸಾದಾ ಚಹಾಪುಡಿ ಕೊಳ್ಳುವವರು ಏನನ್ನೋ ಕಳೆದುಕೊಂಡೆವು ಎಂದು ಕೊರಗಬೇಕಾಗಿಲ್ಲ.

ನಮ್ಮಲ್ಲಿ ನಿಜವಾದ ತೊಡಕು ಸಕ್ಕರೆ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಐದು ಲೋಟ ಕುಡಿದರೆ ಸುಮಾರು 40ರಿಂದ 50 ಗ್ರಾಂ ಸಕ್ಕರೆ ಚಹಾದಿಂದಲೇ ಹೊಟ್ಟೆ ಸೇರುತ್ತದೆ. ದಿನಕ್ಕೆ 2000 ಕ್ಯಾಲರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮೇರೆಯೇ 50 ಗ್ರಾಂ, 25ಕ್ಕಿಂತ ಕೆಳಗಿದ್ದರೆ ಇನ್ನೂ ಉತ್ತಮ ಎನ್ನುತ್ತದೆ. ಗ್ರೀನ್ ಟೀಗೆ ಬದಲಾದವರಿಗೆ ಆಗುವ ಲಾಭದಲ್ಲಿ ದೊಡ್ಡ ಪಾಲು ಆ ಸಕ್ಕರೆ ತಪ್ಪಿದ್ದರಿಂದಲೇ ಇರಬೇಕು. ಅದಕ್ಕೆ ಬೆಲ್ಲ, ಜೇನುತುಪ್ಪ ಬೆರೆಸಿ ಕುಡಿದರೆ ಆ ಲಾಭವೂ ಹೋಯಿತು. ಅತ್ತೆಯವರಿಗೆ ಚಹಾ ಬಿಡಿಸುವ ಗೋಜಿಗೆ ಹೋಗದೆ, ಸಕ್ಕರೆಯನ್ನು ವಾರವಾರ ಅರ್ಧರ್ಧ ಚಮಚ ಇಳಿಸುತ್ತಾ ಬನ್ನಿ.

ಸಿಂಧನೂರಿನ ಗೃಹಿಣಿ

ಹಾಗೆಯೇ ಮಾಡುತ್ತೇನೆ ಸರ್. ಆಳುಗಳ ಚಹಾಕ್ಕೂ ಸಕ್ಕರೆ ಕಡಿಮೆ ಮಾಡಿದರೆ ಅವರು ಒಪ್ಪುವರೋ ಇಲ್ಲವೋ, ಬಿಸಿಲಿನಲ್ಲಿ ದುಡಿಯುವವರು. ಅದನ್ನು ಅವರಿಗೇ ಬಿಡುವುದು ನ್ಯಾಯ ಎನಿಸುತ್ತದೆ.

ತೋರಣಗಲ್ಲಿನ ಕಾರ್ಖಾನೆ ಕಾರ್ಮಿಕ

ನಾನು ರಾತ್ರಿ ಪಾಳಿಯಲ್ಲಿ ದುಡಿಯುವವನು. ಧೂಳಿನಿಂದ ಎದೆ ಕಟ್ಟಿದಂತಾಗುತ್ತದೆ ಎಂದು ಹೇಳಿದಾಗ, ಗ್ರೀನ್ ಟೀ ಕುಡಿದರೆ ಶ್ವಾಸಕೋಶ ಶುದ್ಧವಾಗುತ್ತದೆ ಎಂದು ಗೆಳೆಯರು ಸಲಹೆ ಕೊಟ್ಟರು. ಉಪನ್ಯಾಸಕರು ಬರೆದ ಅಧ್ಯಯನದಲ್ಲಿಯೂ ಗಂಡಸರಲ್ಲಿ ಶ್ವಾಸಕೋಶದ ಕಾಯಿಲೆಯ ಸಾವು ಕಡಿಮೆ ಎಂದಿದೆಯಲ್ಲ? ನಮ್ಮಲ್ಲಿ ಬಹಳ ಮಂದಿ ಪಾಳಿಯ ನಡುವೆ ಸುಡುಸುಡು ಚಹಾ, ಜೊತೆಗೆ ಬೀಡಿ ಅಥವಾ ಗುಟ್ಕಾ ಹಾಕಿಕೊಳ್ಳುತ್ತಾರೆ.

ರಾಯಚೂರು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ವೈದ್ಯೆ

ಅಣ್ಣಾ, ಎದೆಗೆ ಸೇರಿದ ಧೂಳನ್ನು ತೊಳೆಯುವ ಶಕ್ತಿ ಯಾವ ಚಹಾಕ್ಕೂ ಇಲ್ಲ. ಎದೆ ಕಟ್ಟಿದಂತಾಗುವುದನ್ನು ಚಹಾಕ್ಕೆ ಒಪ್ಪಿಸಿ ಸುಮ್ಮನಿರಬೇಡಿ. ಕಫ ಪರೀಕ್ಷೆ, ಎದೆಯ ಎಕ್ಸ್‌ರೇ ಮಾಡಿಸಿಕೊಳ್ಳಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಕ್ಷಯದ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕೆಲಸದ ಜಾಗದಲ್ಲಿ ಸರಿಯಾದ ಮಾಸ್ಕ್ ಕೇಳಿ ಪಡೆಯುವುದು ನಿಮ್ಮ ಹಕ್ಕು.

ಸುಡುಸುಡು ಚಹಾದ ವಿಷಯ ನೀವೇ ಎತ್ತಿದ್ದು ಒಳ್ಳೆಯದಾಯಿತು. 65 ಡಿಗ್ರಿಗಿಂತ ಹೆಚ್ಚು ಬಿಸಿಯಿರುವ ಯಾವುದೇ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2016ರಲ್ಲಿ ವರ್ಗೀಕರಿಸಿದೆ. ಇದು ಹಸಿರು ಚಹಾಕ್ಕೂ ಅನ್ವಯಿಸುತ್ತದೆ, ಆದ್ದರಿಂದ ನಾಲ್ಕೈದು ನಿಮಿಷ ಆರಿಸಿ ಕುಡಿಯಿರಿ. ತಂಬಾಕಿನ ಬಗ್ಗೆ ನಾನು ಮೃದುವಾಗಿ ಹೇಳಲಾರೆ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಬೀಡಿ ಹೃದಯವನ್ನೂ ಶ್ವಾಸಕೋಶವನ್ನೂ, ಗುಟ್ಕಾ ಬಾಯಿಯನ್ನೂ ತಿನ್ನುತ್ತದೆ. ಬೀಡಿ ಇಟ್ಟುಕೊಂಡು ಚಹಾ ಬದಲಾಯಿಸಿದರೆ ಪ್ರಯೋಜನವಿಲ್ಲ. ಚಹಾ ಹಾಗೆಯೇ ಇದ್ದು ಬೀಡಿ ಬಿಟ್ಟರೆ ಆಯುಷ್ಯವೇ ಉಳಿಯುತ್ತದೆ. ಪಾಳಿ ಮುಗಿದ ಮೇಲೆ ಮಲಗುವವರಾದರೆ ಪಾಳಿಯ ಕೊನೆಯ ಗಂಟೆಗಳಲ್ಲಿ ಗ್ರೀನ್ ಟೀಯನ್ನೂ ಕುಡಿಯಬೇಡಿ, ಅದರಲ್ಲಿಯೂ ಕೆಫೀನ್ ಇದೆ.

ಕುಷ್ಟಗಿ ತಾಲ್ಲೂಕಿನ ನೀರು ಪರೀಕ್ಷಾ ಕಾರ್ಯಕರ್ತ

ಟೀಚರ್ ಅವರು ಯಲಬುರ್ಗಾ ತಾಲ್ಲೂಕಿನ ಊರಿನ ಹೆಸರೆತ್ತಿದ್ದರಿಂದ ಬರೆಯುತ್ತಿದ್ದೇನೆ. ಜಪಾನಿನ ಅಧ್ಯಯನಗಳು ನಮ್ಮ ಕುಷ್ಟಗಿ, ಯಲಬುರ್ಗಾ ಕಡೆಗೆ ಅನ್ವಯಿಸುತ್ತವೆಯೇ ಎಂದು ಕೇಳುವಾಗ ನೀರಿನ ಫ್ಲೋರೈಡ್ ಅನ್ನು ಮರೆಯುವಂತಿಲ್ಲ. ಇಲ್ಲಿನ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಅದು ಮಿತಿ ಮೀರಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹಾಕಿದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದಲ್ಲಿ 1.5ರವರೆಗೆ. ಇಂಥ ಊರಿನ ಶಾಲೆಗೆ ಹೋದರೆ ಮಕ್ಕಳು ನಕ್ಕಾಗ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡವಾಗಿ ಕಂದು ಗೆರೆಗಳು ಕಾಣುತ್ತವೆ, ಕೆಲವರಲ್ಲಿ ಹಲ್ಲಿನ ಅಂಚೇ ಸವೆದು ಗುಳಿ ಬಿದ್ದಿರುತ್ತದೆ. ಅದೇ ಓಣಿಯ ಹಿರಿಯರಲ್ಲಿ ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸಿ ಮಾತನಾಡುವವರು, ಮಂಡಿ ಮಡಚಿ ನೆಲದ ಮೇಲೆ ಊಟಕ್ಕೆ ಕೂರಲಾಗದವರು ಇರುತ್ತಾರೆ. ವಾಯು ಎಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಕಾಲ ಕಳೆಯುವ ಅವರಿಗೆ, ಅದು ನೀರಿನಿಂದ ಬಂದದ್ದೆಂದು ಹೇಳುವವರು ಸಿಗುವುದು ತಡವಾಗಿ.

ಚಹಾ ಗಿಡ ಮಣ್ಣಿನಲ್ಲಿರುವ ಫ್ಲೋರೈಡ್ ಅನ್ನು ಹೀರಿ ಎಲೆಯಲ್ಲಿ ಕೂಡಿಡುವ ಗಿಡ. ಎಳೆಯ ಕುಡಿಯಲ್ಲಿ ಕಡಿಮೆ, ಬಲಿತ ಎಲೆಯಲ್ಲಿ ಹೆಚ್ಚು. ಬಲಿತ ಎಲೆಗಳನ್ನು ಇಟ್ಟಿಗೆಯಂತೆ ಒತ್ತಿ ಮಾಡಿದ ಚಹಾವನ್ನು ಸದಾ ಕುಡಿಯುವ ಟಿಬೆಟ್ ಪ್ರದೇಶದಲ್ಲಿ ಚಹಾದಿಂದಲೇ ಮೂಳೆಯ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಅತಿಯಾಗಿ ಬರುವ ಮೂಳೆಯ ಕಾಯಿಲೆ, ಬಂದದ್ದು ದಾಖಲಾಗಿದೆ. ಹಸಿರಾಗಲಿ ಕಪ್ಪಾಗಲಿ, ಸಾಮಾನ್ಯ ಚಹಾದ ಒಂದು ಲೀಟರಿನಲ್ಲಿ ಒಂದೆರಡು ಮಿಲಿಗ್ರಾಂ ಇರುವುದುಂಟು. ಬಲಿತ ಎಲೆಯ ಅಗ್ಗದ ಪುಡಿಯಲ್ಲಿ ಇನ್ನೂ ಹೆಚ್ಚು.

ಇದನ್ನು ಓದಿ ಹೆದರುವುದು ಬೇಡ, ಲೆಕ್ಕ ಹಾಕಿ ನೋಡಿ. 100 ಮಿಲಿಲೀಟರಿನ ಐದು ಕಪ್ ಎಂದರೆ ಅರ್ಧ ಲೀಟರ್ ಚಹಾ, ಎಲೆಯಿಂದ ಬರುವ ಫ್ಲೋರೈಡ್ ಸುಮಾರು ಅರ್ಧದಿಂದ ಒಂದು ಮಿಲಿಗ್ರಾಂ. ಒಳ್ಳೆಯ ನೀರಿರುವ ಊರಿನಲ್ಲಿ ಅದು ದೊಡ್ಡ ಹೊರೆಯಲ್ಲ. ಆದರೆ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ಬೋರ್‌ವೆಲ್ ನೀರನ್ನು ನಮ್ಮ ಬೇಸಿಗೆಯಲ್ಲಿ ನಾಲ್ಕು ಲೀಟರ್ ಕುಡಿಯುವವನ ಮೈಗೆ ಈಗಾಗಲೇ 12 ಮಿಲಿಗ್ರಾಂ ಸೇರುತ್ತಿದೆ. ಮೊದಲು ಸರಿಪಡಿಸಬೇಕಾದದ್ದು ಆ ನೀರು, ಚಹಾ ಅದರ ಮೇಲೆ ಸೇರುವ ಹೆಚ್ಚಿನ ಭಾರ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಉಳಿದದ್ದರಲ್ಲಿ ಅದು ಗಾಢವಾಗುತ್ತದೆ. ಆದ್ದರಿಂದ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಕುಡಿಯುವುದಕ್ಕೆ ಮಾತ್ರ ತಂದು, ಚಹಾಕ್ಕೂ ಅಡುಗೆಗೂ ಬೋರ್‌ವೆಲ್ ನೀರನ್ನೇ ಹಾಕುವ ನಮ್ಮ ಮನೆಗಳ ರೂಢಿ ಬದಲಾಗಬೇಕು. ಈ ಒಂದು ವಿಷಯವನ್ನು ಮನೆಮನೆಗೆ ಹೋಗಿ ಹೇಳುತ್ತಲೇ ಇದ್ದೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಗಂಗಾವತಿಯ ಶಿಕ್ಷಕಿ

ನಿಮ್ಮೆಲ್ಲರ ಬರಹಗಳನ್ನು ಮಾವನವರಿಗೆ ಕೂರಿಸಿಕೊಂಡು ಓದಿ ಹೇಳಿದೆ. ಹತ್ತು ಅಂಕ, ಎರಡು ಅಂಕದ ಲೆಕ್ಕ ಕೇಳಿ ಸುಮ್ಮನಾದರು. ಮರುದಿನ ಆರೋಗ್ಯ ಕೇಂದ್ರಕ್ಕೆ ಬಂದರು, ಬಿ.ಪಿ. ಬಹಳವೇ ಏರಿತ್ತು. ವೈದ್ಯರು ಅದೇ ಗುಳಿಗೆಯನ್ನು ಮತ್ತೆ ಆರಂಭಿಸಿ, ಒಂದು ವಾರ ಬಿಟ್ಟು ಬರಲು ಹೇಳಿದ್ದಾರೆ. ಈಗ ಬೆಳಗ್ಗೆ ಗುಳಿಗೆಯನ್ನು ನೀರಿನಲ್ಲಿ ನುಂಗಿ, ಮಧ್ಯಾಹ್ನ ಮತ್ತು ಸಂಜೆ ಒಂದೊಂದು ಕಪ್ ಗ್ರೀನ್ ಟೀ ಕುಡಿಯುತ್ತಿದ್ದಾರೆ. ಉಪ್ಪಿನಕಾಯಿ ಭರಣಿಯ ವಿಷಯದಲ್ಲಿ ಅತ್ತೆಯವರು ಇನ್ನೂ ಒಪ್ಪಿಲ್ಲ, ಪ್ರಯತ್ನ ನಡೆದಿದೆ.

ಎರಡು ಪ್ರಶ್ನೆಗಳು ಉಳಿದಿವೆ. ಗ್ರೀನ್ ಟೀ ಕಹಿ ಎಂದು ಮಾವನವರು ಲಿಂಬೆಹಣ್ಣು ಹಿಂಡಿಕೊಳ್ಳುತ್ತಾರೆ, ಅದು ಸರಿಯೇ? ಮುಂದಿನ ತಿಂಗಳು ಅವರು ಊರಿಗೆ ಹೋಗುವವರಿದ್ದಾರೆ, ಅಲ್ಲಿನ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ತಿಳಿಯುವುದು ಹೇಗೆ?

ರಾಯಚೂರು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ವೈದ್ಯೆ

ಬಹಳ ಸಮಾಧಾನವಾಯಿತು ಟೀಚರ್. ಲಿಂಬೆರಸ ಧಾರಾಳವಾಗಿ ಹಿಂಡಿಕೊಳ್ಳಲಿ, ಉಪ್ಪು ಮಾತ್ರ ಬೆರೆಸಬಾರದು. ಕಹಿಯಾಗುವುದು ಹೆಚ್ಚಾಗಿ ಕುದಿಯುವ ನೀರಿಗೆ ಎಲೆ ಹಾಕುವುದರಿಂದ. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ, 80 ಡಿಗ್ರಿಯ ಆಸುಪಾಸಿಗೆ ಇಳಿಯುವಂತೆ ಕೆಲವು ನಿಮಿಷ ಬಿಟ್ಟು, ಆಮೇಲೆ ಎಲೆ ಹಾಕಿ ಎರಡು ಮೂರು ನಿಮಿಷಕ್ಕೆ ಸೋಸಿದರೆ ಅಷ್ಟು ಕಹಿ ಬರುವುದಿಲ್ಲ. ಊರಿಗೆ ಹೋಗುವಾಗ ಗುಳಿಗೆಗಳನ್ನು ಇರುವ ದಿನಗಳಿಗಿಂತ ಹೆಚ್ಚಾಗಿಯೇ ಕಟ್ಟಿಕೊಡಿ. ಎದೆನೋವು, ಬೆವರು, ಎಡಗೈ ಅಥವಾ ದವಡೆಗೆ ಹರಿಯುವ ನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಬೇಕೆಂದು ಅಲ್ಲಿನವರಿಗೂ ಹೇಳಿಡಿ.

ಕುಷ್ಟಗಿ ತಾಲ್ಲೂಕಿನ ನೀರು ಪರೀಕ್ಷಾ ಕಾರ್ಯಕರ್ತ

ಮೊದಲು ಊರಿನ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಜಲ ಜೀವನ್ ಮಿಷನ್ ಅಡಿಯಲ್ಲಿ ಕೊಟ್ಟ ಪರೀಕ್ಷಾ ಕಿಟ್‌ನಿಂದ ಫ್ಲೋರೈಡ್ ಅಂದಾಜು ಅಲ್ಲಿಯೇ ತಿಳಿಯುತ್ತದೆ. ಖಚಿತ ಅಂಕಿ ಬೇಕಾದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಮಾದರಿ ಕೊಡಬೇಕು. ಗಾಜಿನ ಸೀಸೆ ಬೇಡ, ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿ ಸಾಕು. ಬೋರ್‌ವೆಲ್ ಅನ್ನು ಐದಾರು ನಿಮಿಷ ಓಡಿಸಿ, ಅದೇ ನೀರಿನಿಂದ ಬಾಟಲಿಯನ್ನು ಎರಡು ಮೂರು ಸಲ ಗಲಬರಿಸಿ ಚೆಲ್ಲಿ, ಆಮೇಲೆ ತುಂಬಿಸಿ ಮುಚ್ಚಳ ಬಿಗಿಯಿರಿ. ಮೇಲೆ ಊರಿನ ಹೆಸರು, ಬೋರ್‌ವೆಲ್ ಇರುವ ಜಾಗ, ತುಂಬಿದ ದಿನಾಂಕ ಬರೆದು ಅಂಟಿಸಿ. ಶುದ್ಧ ನೀರಿನ ಘಟಕದ ನೀರನ್ನೂ ಬೇರೆ ಬಾಟಲಿಯಲ್ಲಿ ತುಂಬಿ ಜೊತೆಗೇ ಕೊಡಿ, ಏಕೆಂದರೆ ನೀರು ಸೋಸುವ ಪೊರೆ ಹಳತಾದ ಘಟಕಗಳು ಫ್ಲೋರೈಡ್ ಅನ್ನು ಪೂರ್ತಿ ತಡೆಯುವುದಿಲ್ಲ.